ಬಾಗಿಲ ಮೇಲಿನ ನಾಳೆ

ಲಂಡನ್ನಿನ ಫೆಲ್ಥಮ್‌ನ ಆ ಓಣಿಯಲ್ಲಿ ಹ್ಯಾಲೋವೀನ್ ಹಬ್ಬಕ್ಕೆಂದು ಮನೆ ಮನೆಯ ಮುಂದೆಯೂ ಹಲ್ಲು ಕೊರೆದ ಕುಂಬಳಕಾಯಿ ಕೂತಿತ್ತು. "ಡ್ಯಾಡ್, ಪಂಪ್ಕಿನ್ ಈಸ್ ಬೋರಿಂಗ್. ಸಮ್‌ಥಿಂಗ್ ಸ್ಕೇರಿ ಮಾಡು," ಎಂದು ನವ್ಯಾ ಅಪ್ಪನಿಗೆ ಗಂಟುಬಿದ್ದಳು. ರುದ್ರೇಶ ಏರ್‌ಪೋರ್ಟಿನಲ್ಲಿ ಲಗೇಜು ಸಾಗಿಸುವ ಬೆಲ್ಟುಗಳನ್ನು ರಿಪೇರಿ ಮಾಡುವವನು. ತಂತಿ, ಸೆನ್ಸರ್ ಎಂದರೆ ಊಟ ಬಿಟ್ಟು ಕೂರುವ ಆಸಾಮಿ. ಅವನಿಗೆ ಅಷ್ಟು ನೆಪ ಸಾಕಾಯಿತು.

ಅವನು ಹೈಸ್ಕೂಲಿನಲ್ಲಿದ್ದಾಗ ಧಾರವಾಡದ ಸುತ್ತ ಒಂದು ದೆವ್ವದ ಸುದ್ದಿ ಹಬ್ಬಿತ್ತು. ಅದು ನಮ್ಮವರದೇ ಧ್ವನಿಯಲ್ಲಿ ಕರೆಯುತ್ತದಂತೆ, ಬಾಗಿಲು ತೆಗೆದವರು ರಕ್ತ ಕಾರಿ ಸಾಯುತ್ತಾರಂತೆ. ಅದಕ್ಕೇ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ತಿರುಗಿ ಹೋಗುತ್ತಿತ್ತು, ಮರುದಿನ ಬಂದರೆ ಮತ್ತೆ ಅದೇ ಬರಹ. ತೀರಿಹೋದ ಅವ್ವನ ಧ್ವನಿಯಲ್ಲಿ ಕರೆದರೆ ಏನು ಗತಿ ಎಂದು ರುದ್ರೇಶ ನಡುಗುತ್ತಿದ್ದಾಗ, ಸೀಮೆಸುಣ್ಣದಲ್ಲಿ ದಪ್ಪಗೆ ಬರೆದವಳು ಅಕ್ಕ ನೀಲವ್ವ. ಬರೆದು, ಬಾಗಿಲಿಗೇ ಬೆನ್ನು ಕೊಟ್ಟು ಮಲಗಿದ್ದಳು.

ಅವ್ವನಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಮದುವೆಯಾಗಿ ಕ್ರೋಯ್ಡನ್‌ಗೆ ಬಂದ ಮೇಲೆ ಅವನನ್ನೂ ಕರೆಸಿಕೊಂಡವಳು. ಆ ಅಕ್ಕನ ಜೊತೆ ಎರಡು ವರ್ಷದಿಂದ ಮಾತಿಲ್ಲ. ಕಾರಣ ಕೇಳಿದರೆ ನಗು ಬರಬೇಕು. ಈ ಮನೆಯ ಗೃಹಪ್ರವೇಶದಲ್ಲಿ ಕಟ್ಟಿನ ಸಾರಿಗೆ ಉಪ್ಪಿಲ್ಲವೆಂದು ಅವಳು ರುದ್ರೇಶನ ಹೆಂಡತಿ ಸೌಜನ್ಯಾಳನ್ನು ಬಂದವರೆದುರು ಆಡಿಕೊಂಡಳು. ಇವನಿಗೆ ಸಿಟ್ಟು ನೆತ್ತಿಗೇರಿತು. "ಇನ್ನ ನಮ್ಮನಿ ಹೊಸ್ತಲಾ ತುಳೀಬ್ಯಾಡ," ಎಂದುಬಿಟ್ಟ. ಗಂಡ ಸತ್ತು ಒಂಟಿಯಾಗಿದ್ದ ಹೆಂಗಸು, ಕೈ ತೊಳೆದು ಎದ್ದುಹೋದಳು. ಸೌಜನ್ಯಾಳಿಗೆ ಉಪ್ಪಿನ ಮಾತು ಎಂದೋ ಮರೆತಿತ್ತು. ಈ ಮಹಾರಾಯನಿಗೆ ಮಾತ್ರ ಫೋನೆತ್ತಲು ಕೈ ಬರಲಿಲ್ಲ.

ಒಂದು ಹಲಗೆಯ ಮೇಲೆ ಎಲ್‌ಇಡಿ ಪಟ್ಟಿಗಳನ್ನು ಸಾಲಾಗಿ ಅಂಟಿಸಿದ. ಯಾವ ದೀಪ ಯಾವಾಗ ಯಾವ ಬಣ್ಣ ತಾಳಬೇಕು ಎಂದು ಪ್ರೋಗ್ರಾಂ ಬರೆಯಬಹುದು. ಇಂಗ್ಲಿಷ್ ಅಕ್ಷರಗಳು ಸಿದ್ಧವಾಗಿಯೇ ಸಿಗುತ್ತವೆ, ಕನ್ನಡದ್ದನ್ನು ಯಾರು ಮಾಡಿಟ್ಟಿರುತ್ತಾರೆ? ಮಗಳ ಗಣಿತದ ಚೌಕುಳಿ ಹಾಳೆಯಲ್ಲಿ ಚುಕ್ಕೆಯಿಟ್ಟು ತಾನೇ ರೂಪಿಸಿದ. ‘ಬಾ’ ಸಲೀಸಾಗಿ ಬಂತು. ‘ಳೆ’ ಮಾತ್ರ ಜಿಲೇಬಿಯ ಹಾಗೆ ಸುತ್ತಿಕೊಂಡು ಜೀವ ತಿಂದಿತು. ದೂರದಿಂದ ನೋಡಿದವರಿಗೆ ನೇರಳೆ ಬಣ್ಣದ ‘ಬಾ’ ಅಷ್ಟೇ ಕಾಣಬೇಕು. ಹತ್ತಿರ ಬಂದು ನಿಂತರೆ ಸೆನ್ಸರ್ ಗುರುತಿಸಿ, ಕಟಕಟ ಸದ್ದಿನೊಂದಿಗೆ ಅದರ ಮುಂಚೆ ‘ನಾಳೆ’ ಎಂದು ಕೆಂಪಗೆ ಹೊತ್ತಿಕೊಳ್ಳಬೇಕು. ಹಾಗೆ ಬರೆದ ಪ್ರೋಗ್ರಾಮು.

"ಬಟ್ ಹೂ ವಿಲ್ ರೀಡ್ ಇಟ್?" ಎಂದಳು ನವ್ಯಾ.

"ದೆವ್ವ ಓದತೈತಿ," ಎಂದ.

ಆ ವರ್ಷ ಹ್ಯಾಲೋವೀನ್ ಬಲಿಪಾಡ್ಯದ ದಿನವೇ ಬಿದ್ದಿತ್ತು. ಹಲಗೆ ತೂಗುಹಾಕುತ್ತಿದ್ದ ಗಂಡನಿಗೆ ಸೌಜನ್ಯಾ, "ಇಷ್ಟ್ ಶಾಣ್ಯಾತನಾ ಅಕ್ಕಾರ ಮುಂದ ತೋರಸ್ರಿ. ಹಬ್ಬ ಐತಿ, ಒಂದ್ ಫೋನರ ಮಾಡ್ರಿ," ಎಂದಳು.

"ನಾಡಿದ್ದ ಅಕ್ಕನ ತದಗಿ ಐತೆಲ್ಲ. ಅಕ್ಕನ ಮನಿಗೆ ತಮ್ಮ ಉಣ್ಣಾಕ ಹೋದ್ರ ಯಾರ ಬ್ಯಾಡ ಅಂತಾರ? ಅವತ್ತ ಕಾಲ ಹಿಡಕೊಂಡ ಬರ್ತೀನಿ." ಸುಮ್ಮನೆ ಹೇಳಿದ ಮಾತಲ್ಲ. ವೆಂಬ್ಲಿಗೆ ಹೋಗಿ ಅವಳಿಗೆಂದು ಸೀರೆಯನ್ನೂ ತಂದಿಟ್ಟಿದ್ದ.

ಸಂಜೆ ತಾಯಿ ಮಗಳು ದೆವ್ವದ ವೇಷ ಹಾಕಿಕೊಂಡು ಮನೆಮನೆಯಲ್ಲಿ ಚಾಕೊಲೇಟು ಕೇಳುತ್ತ ಓಣಿ ಸುತ್ತಲು ಹೋದರು. ರುದ್ರೇಶ ಒಳಗಿನ ದೀಪ ಆರಿಸಿ ಪರದೆಯ ಹಿಂದೆ ನಿಂತ. ಬಂದ ಹುಡುಗರೆಲ್ಲ ಕೆಂಪು ಹೊತ್ತಿಕೊಂಡ ಕೂಡಲೇ ಕಿರುಚಿ ಹಾರಿದರು. ಅವನಿಗೆ ಖುಷಿಯೋ ಖುಷಿ. ಆಮೇಲೆ ಚಹಾ ಮಾಡಲು ಅಡಿಗೆಮನೆಗೆ ಹೋದಾಗ ಮತ್ತೆ ಕಟಕಟ ಕೇಳಿಸಿತು. ಈ ಸಲ ಕಿರುಚಾಟವಿಲ್ಲ, ಬೆಲ್ಲೂ ಇಲ್ಲ. ಯಾರೋ ಅಲ್ಲಾಡದೆ ನಿಂತಿದ್ದರು. "ಇದು ಗಟ್ಟಿ ಗಿರಾಕಿ," ಎಂದು ನಗುತ್ತ ಅವನು ಚಹಾ ಸೋಸಿದ. ಚಾಕೊಲೇಟಿನ ಬಟ್ಟಲು ಹಿಡಿದು ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸದಲ್ಲಿದ್ದಾಗ ಅಕ್ಕನ ನಂಬರಿನಿಂದ ಫೋನು ಬಂತು. ಸಂತೋಷದಿಂದ "ಅಕ್ಕಾ" ಎಂದೇ ಎತ್ತಿದ. ಮಾತಾಡಿದ್ದು ಬೇರೆ ಹೆಂಗಸು.

"ನಾನು ವೇದವತಿ ಅಂತ, ನೀಲವ್ವನವರ ಮನೇಲಿ ಬಾಡಿಗೆಗಿರೋದು. ಇವತ್ತು ಬೆಳಿಗ್ಗೆ ಅವರಿಗೆ ಹಾರ್ಟ್ ಆಪರೇಷನ್ ಇತ್ತು. ಅವರು... ಎಚ್ಚರ ಆಗಲೇ ಇಲ್ಲ."

ರುದ್ರೇಶ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಲ್ಟಿನ ಮೇಲಿಟ್ಟ. "ನನಗ ಹೇಳೇ ಇಲ್ಲಲ್ರೀ ಆಕಿ."

"ಹೇಳೋಕೆ ಅಂತಲೇ ನಿನ್ನೆ ಸಂಜೆ ನಿಮ್ಮನೆಗೆ ಬಂದಿದ್ರಲ್ಲ! ಗೇಟಿನ ಹತ್ರ ನಿಂತಾಗ ಬಾಗಿಲ ಮೇಲೆ ‘ಬಾ’ ಅಂತ ಕಂಡಿತಂತೆ. ಹತ್ತಿರ ಹೋದಾಗ ‘ನಾಳೆ ಬಾ’ ಅಂತ ಆಯ್ತಂತೆ."

"ಅದು ಹುಡುಗೂರ ಆಟಕ್ಕ ಮಾಡಿದ್ದರೀ. ಅಳಕೋತ ಹೊಳ್ಳಿ ಮನಿಗೆ ಬಂದ್ಳೇನು?"

"ಇಲ್ಲ, ನಗ್ತಾನೇ ಬಂದ್ರು. ‘ಆ ಓಣ್ಯಾಗ ಕನ್ನಡ ಓದಾಕ ಯಾರಿಗ ಬರತೈತಿ? ನನಗ ಬರದಾನ. ಹೊಸ್ತಲಾ ತುಳೀಬ್ಯಾಡ ಅಂದಾಂವ ಈಗ ನಾಳಿ ಬಾ ಅಂತಾನ. ಸಿಟ್ಟ ಇಳದೈತಿ ನನ್ನ ತಮ್ಮಗ. ಆಪರೇಷನ್ ಮುಗಿಸ್ಕೊಂಡ ಹೋಗ್ತೀನಿ’ ಅಂದ್ರು. ಆಸ್ಪತ್ರೇಲಿ ನರ್ಸಿಗೂ ಅದನ್ನೇ ಹೇಳಿದ್ರು. ನೀವು ಯಾವಾಗ ಬರ್ತೀರಿ?"

"ಈಗ ಬಂದೆರೀ," ಎಂದ ರುದ್ರೇಶ.

ಆ ಎರಡು ಶಬ್ದ ಯಾರಿಗಾಗಿ ಬರೆಯುತ್ತಾರೆ ಎಂಬುದು ನೀಲವ್ವನಿಗೆ ಗೊತ್ತಿಲ್ಲದ್ದಲ್ಲ. ಪರರ ಮುಂದೆ ತಮ್ಮನ ಮರ್ಯಾದೆ ಕಾಯಲು ಹಾಗೆ ಹೇಳಿದಳೋ, ನಿಜಕ್ಕೂ ಹಾಗೇ ನಂಬಿದಳೋ, ಕೇಳೋಣವೆಂದರೆ ಅಕ್ಕ ಇರಲಿಲ್ಲ.