ಅಜ್ಜನ ಅಂಗಿಗೆ ಅಳತೆ

ಸಾಲು ಎಲ್ಲೂ ಸೊಟ್ಟಗಿಲ್ಲ, ಒಂದು ಕಲ್ಲೂ ಮುಂದೆ ಬಂದಿಲ್ಲ ಹಿಂದೆ ಸರಿದಿಲ್ಲ, ಸ್ಕೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸಿದ ಹಾಗಿದೆ ಹುಲ್ಲು, ಮೂವತ್ತೈದು ವರ್ಷದಲ್ಲಿ ತನ್ನ ಕತ್ತರಿಗೂ ಇಷ್ಟು ನೇರ ಅಂಚು ಬಿದ್ದಿಲ್ಲ — ಯಾರು ಹೊಲಿದರಪ್ಪ ಇದನ್ನು, ಅಂದುಕೊಂಡ ದರ್ಜಿ, ಅಂದುಕೊಂಡವನೇ ನಾಲಿಗೆ ಕಚ್ಚಿಕೊಂಡ, ಯುದ್ಧದಲ್ಲಿ ಸತ್ತವರ ಗೋರಿಗಳ ನಡುವೆ ನಿಂತು ಅಂಚು ನೋಡುವ ಗಿರಾಕಿ ತಾನೊಬ್ಬನೇ ಇರಬೇಕು. ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬಸ್ಸು ಕಾಯಲ್ಲ ಎಂದಿದ್ದಾನೆ ಪ್ರವಾಸದ ಗೈಡ್, ಹೆಂಡತಿ ಕಾಲು ಊದಿದೆ ಅಂತ ಸೀಟು ಬಿಟ್ಟು ಏಳಲಿಲ್ಲ, ನಿಮ್ಮಜ್ಜ, ನಿಮ್ಮ ಟೇಪು, ನೀವೇ ಹೋಗಿ ಬನ್ನಿ. ಟೇಪು ಕತ್ತಿನಲ್ಲಿದೆ, ವಿಮಾನ ಹತ್ತುವಾಗಲೂ ಇತ್ತು, ತೆಗೆದರೆ ಕತ್ತು ಬೋಳು ಬೋಳು. ಅಳೆಯಬೇಕು, ಅಳೆದು ಅಮ್ಮನಿಗೆ ಹೇಳಬೇಕು, ಅಷ್ಟೇ ಕೆಲಸ. ಅಮ್ಮ ತನ್ನಪ್ಪನನ್ನು ಕಂಡವಳಲ್ಲ, ಅವಳು ಅಜ್ಜಿಯ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಾಗಿದ್ದಾಗ ಅಜ್ಜ ಹಡಗು ಹತ್ತಿದ, ಸೈನ್ಯಕ್ಕೂ ದರ್ಜಿ ಬೇಕಂತೆ, ಗುಂಡು ಹಾರಿಸೋಕಲ್ಲ ಕಣೇ ಗುಂಡಿ ಹೊಲಿಯೋಕೆ ಹೋಗ್ತಿರೋದು ಎಂದು ಅಜ್ಜಿಯನ್ನು ನಗಿಸಿ ಹೋದ. ಫೋಟೋ ಇಲ್ಲ. ಬಿಟ್ಟುಹೋದದ್ದು ಅಳತೆ ಪುಸ್ತಕ, ಅದರಲ್ಲಿ ಮೇಷ್ಟರ ಸೊಂಟವಿದೆ, ಪೋಸ್ಟ್‌ಮ್ಯಾನನ ತೋಳಿದೆ, ಅಜ್ಜಿಯ ರವಿಕೆಯಿದೆ, ಇನ್ನೂ ಹುಟ್ಟದ ಕೂಸಿನ ಅಂಗಿಗೆ ಅಂದಾಜೂ ಇದೆ, ಅವನದೇ ಅಳತೆ ಮಾತ್ರ ಇಲ್ಲ, ಯಾವ ದರ್ಜಿ ತನ್ನದನ್ನು ಬರೆದಿಡುತ್ತಾನೆ. ಎಷ್ಟು ಎತ್ತರ ಇದ್ದರಮ್ಮ ಅಂತ ಅಮ್ಮ ಕೇಳಿದರೆ ಅಜ್ಜಿ ಒಂದು ಸಲ ನನ್ನ ಕಿವಿಯವರೆಗೆ ಅನ್ನುತ್ತಿದ್ದಳು, ಇನ್ನೊಂದು ಸಲ ಬಾಗಿಲಲ್ಲಿ ತಲೆ ತಗ್ಗಿಸಬೇಕಿತ್ತು ಅನ್ನುತ್ತಿದ್ದಳು, ವಯಸ್ಸಾದಂತೆ ಅವಳ ಗಂಡ ಬೆಳೆಯುತ್ತಲೇ ಹೋದ. ಈಗ ಅಮ್ಮನಿಗೆ ಎಂಬತ್ತು, ಬಲಗಣ್ಣು ಹೋಗಿದೆ, ಎಡಗಣ್ಣು ಇನ್ನು ಎರಡು ಮೂರು ತಿಂಗಳು ಎಂದಿದ್ದಾರೆ ಡಾಕ್ಟರು. ಬಿಳಿ ಬಟ್ಟೆ ತರಿಸಿ, ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಮೇಜಿನ ಮೇಲೆ ಹರಡಿ ಕೂತಿದ್ದಾಳೆ, ಕಣ್ಣಿರುವಾಗಲೇ ನಮ್ಮಪ್ಪಂಗೆ ಒಂದಂಗಿ ಹೊಲೀಬೇಕು, ಊರವರಿಗೆಲ್ಲ ಹೊಲಿದಾಯ್ತು. ಗೋರಿ ಇರುತ್ತಲ್ಲ, ತಲೆಯಿಂದ ಕಾಲಿನವರೆಗೂ ಅಳೆ, ಆ ಕಡೆ ಒಂದು ಗೇಣು ಈ ಕಡೆ ಒಂದು ಗೇಣು ಕಳೆ, ಉಳಿದದ್ದು ನಮ್ಮಪ್ಪ. ಎತ್ತರ ಸಿಕ್ಕರೆ ಸಾಕು, ಎದೆ ತೋಳು ಎಲ್ಲ ನಾನು ಲೆಕ್ಕ ಹಾಕಿಕೊಳ್ತೀನಿ. ಅವನೂ ತಲೆಯಾಡಿಸಿದ್ದ, ಆಳಿಗೆ ತಕ್ಕ ಬಟ್ಟೆ, ಆಳಿಗೆ ತಕ್ಕ ಗೋರಿ, ಅದರಲ್ಲಿ ಅನುಮಾನ ಪಡುವಂಥದ್ದೇನಿದೆ ಅನ್ನಿಸಿತ್ತು.

ಎಲ್ಲ ಕಲ್ಲೂ ಒಂದೇ ಅಳತೆ, ಕಲ್ಲಿಂದ ಕಲ್ಲಿಗೆ ಒಂದೇ ಅಂತರ, ಕುಳ್ಳನಿಗೂ ಉದ್ದನೆಯವನಿಗೂ ರೆಡಿಮೇಡ್ — ಅಳೆದು ಪ್ರಯೋಜನವಿಲ್ಲ, ಆದರೂ ಸೈನ್ಯದ ಕಚೇರಿಯವರು ಅಜ್ಜನ ಹೆಸರು ಬರೆದು ಕಳಿಸಿದ್ದ ಚೀಟಿಯನ್ನು, ಗೋರಿಗಳ ನಡುವೆ ಗಿಡ ನೋಡಿಕೊಳ್ಳುತ್ತಿದ್ದ ತೋಟದವಳಿಗೆ ತೋರಿಸಿದ, ಮಣ್ಣು ಮೆತ್ತಿದ ಕೈಗವಸು ಕಳಚಿ ಅವಳು ಓದಿದಳು, ಓದಿ ಅವನ ಮುಖ ನೋಡಿದಳು, ಸಾಲುಗಳನ್ನೆಲ್ಲ ದಾಟಿಸಿ ತುದಿಯ ಗೋಡೆಯ ಹತ್ತಿರ ಕರೆದುಕೊಂಡು ಹೋದಳು. ಗೋಡೆ ತುಂಬ ಹೆಸರು. ಮೇಲೆ ಒಂದು ಹೆಸರು ತೋರಿಸಿದಳು, ಆಮೇಲೆ ನೆಲ ತೋರಿಸಿ ಎರಡೂ ಕೈ ಬಿಡಿಸಿ ಖಾಲಿ ಎಂದಳು, ಅವಳ ಭಾಷೆ ಬರದಿದ್ದರೇನು, ಖಾಲಿ ಕೈ ಯಾರಿಗೆ ಅರ್ಥವಾಗುವುದಿಲ್ಲ. ಹೆಣ ಸಿಗದವರ ಗೋಡೆ. ಎಂಬತ್ತು ವರ್ಷ ಅಮ್ಮನ ತಲೆಯಲ್ಲಿ ಕಾಲು ನೀಡಿ ಮಲಗಿದ್ದವನು ಇಲ್ಲಿ ಎಲ್ಲೂ ಮಲಗಿಯೇ ಇಲ್ಲ. ಅಳು ಬಂತು, ಜೊತೆಗೆ ಸಿಟ್ಟು, ಚೀಟಿ ಕಳಿಸಿದ ಕಚೇರಿಯವರು ಒಂದು ಮಾತು ಹೇಳಬಾರದಿತ್ತೇ, ತಾನಾದರೂ ಕೇಳಬಾರದಿತ್ತೇ. ತೋಟದವಳು ಅವನ ಕತ್ತಿನ ಟೇಪು ನೋಡಿದಳು, ಏನು ತಿಳಿದುಕೊಂಡಳೋ, ಹೋಗಿ ಏಣಿ ತಂದು ಒರಗಿಸಿ ಹಿಡಿದು ನಿಂತಳು, ಹತ್ತು ಎಂದು ಗಲ್ಲ ಎತ್ತಿದಳು, ಇಷ್ಟು ಮಾಡಿದವಳಿಗೆ ಬೇಡ ಅನ್ನುವುದು ಹೇಗೆ, ಹತ್ತಿದ. ಚೀಟಿಯ ಅಕ್ಷರಕ್ಕೆ ಕಲ್ಲಿನ ಅಕ್ಷರ ಹೊಂದಿಸಿದ, ಸರಿಯಾಗಿದೆ, ಇವನೇ. ಬಿಸಿಲಿಗೆ ಕಲ್ಲು ಬೆಚ್ಚಗಿದೆ. ಕೈ ಸುಮ್ಮನಿರಲಿಲ್ಲ, ಟೇಪಿನ ತುದಿಯನ್ನು ಮೊದಲ ಅಕ್ಷರಕ್ಕೆ ಒತ್ತಿ ಕೊನೆಯದರವರೆಗೆ ಎಳೆಯಿತು. ಒಂಬತ್ತು ಇಂಚು.

ಜೇಬಿನಲ್ಲಿ ಫೋನು, ಅಮ್ಮನೇ, ಅವಳಿಗೆ ತಡೆಯಲಾಗಿಲ್ಲ, ಸಿಕ್ಕಿದ್ರಾ, ಪೆನ್ಸಿಲ್ ಹಿಡಿದಿದೀನಿ ಹೇಳು. ಸಿಕ್ಕಿದ್ರು, ಅಂದ. ಅದು ಸುಳ್ಳಲ್ಲ. ತಲೆ ಯಾವ ಕಡೆ ಮಾಡಿ ಮಲಗಿಸಿದಾರೆ. ಬೆಳಕಿನ ಕಡೆ, ಅಂದ, ಇದು ಸುಳ್ಳು. ಎಷ್ಟು ಬಂತು. ಐದು ಅಡಿ ಆರು ಇಂಚು — ಅಂದೇಬಿಟ್ಟ, ಗೋಡೆ ಅಂತ ಹೇಳಲು ಬಾಯಿ ಬರಲಿಲ್ಲ, ಒಂದು ಅಂಗಿ ತಾನೆ, ಹೊಲಿಯಲಿ, ನೆಮ್ಮದಿಯಾಗಿರಲಿ, ಆ ಕಡೆ ಅವಳ ಉಸಿರು ಎಷ್ಟು ಹಗುರವಾಯಿತು, ಆಹಾ ನಮ್ಮಪ್ಪ ಅನ್ನುತ್ತಿದ್ದಾಳೆ, ಆ ಸಂತೋಷಕ್ಕೆ ನಾಲಿಗೆ ಹಳೇ ಚಾಳಿಯಲ್ಲಿ ಮುಂದೆ ಓಡಿತು, ಎದೆ ಮೂವತ್ತೆಂಟು, ಭುಜ ಹದಿನೇಳೂವರೆ, ಎಡಭುಜ ಅರ್ಧ ಇಂಚು ಇಳಿಸಬೇಕು — ಪೆನ್ಸಿಲ್ ನಿಂತಿತು. ಅವನಿಗೆ ಕೇಳಿಸಿತು, ನಿಂತದ್ದು. ಅದು ನಿನ್ನ ಅಳತೆ ಕಣೋ, ಅಂದಳು ಅಮ್ಮ. ಬೈಯಲಿಲ್ಲ. ಗೋರಿ ಎಲ್ಲಾದರೂ ಭುಜ ತೋರಿಸುತ್ತಾ. ಹೌದು, ಹುಟ್ಟಿದಾಗಿನಿಂದ ಅವಳ ಕೈಯ ಅಂಗಿ ತೊಟ್ಟವನು, ಅವಳಿಗೇ ತನ್ನ ಭುಜ ಮಾರಲು ಹೋದ, ದಡ್ಡ, ಐವತ್ತೇಳು ವರ್ಷದ ದಡ್ಡ. ಸುಳ್ಳು ಅಳತೆಗೆ ನಾನು ಕತ್ತರಿ ಹಾಕೋಳಲ್ಲ, ಗೊತ್ತಲ್ಲ ನಿಂಗೆ. ಎಷ್ಟಿದಾರೋ ಅಷ್ಟೇ ಹೇಳು, ಕುಳ್ಳಗಿದ್ರೂ ಪರವಾಗಿಲ್ಲ, ನಮ್ಮಪ್ಪ ತಾನೆ. ಬಸ್ಸು ಹಾರ್ನ್ ಹೊಡೆಯುತ್ತಿದೆ, ಕೆಳಗೆ ತೋಟದವಳು ಏಣಿ ಬಿಗಿಹಿಡಿದು ಮೇಲೆ ನೋಡುತ್ತಿದ್ದಾಳೆ, ಹೇಳಬೇಕು, ಅಮ್ಮ ಇಲ್ಲಿ ಗೋಡೆ ಇದೆ ಅನ್ನಬೇಕು, ಮಣ್ಣಿಲ್ಲ ಅಮ್ಮ, ತಲೆಯಿಲ್ಲ ಕಾಲಿಲ್ಲ, ಗೇಣು ಕಳೆಯುವುದಕ್ಕೆ ಏನೂ ಇಲ್ಲ — ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿದ, ಹಲೋ ಅನ್ನುತ್ತಾಳೆ, ಇದೀಯೇನೋ, ಹಲೋ, ಅವನು ಟೇಪನ್ನು ಮತ್ತೆ ಮೊದಲ ಅಕ್ಷರಕ್ಕೆ ಒತ್ತಿ ಎಳೆದ, ಹೆಬ್ಬೆರಳ ಉಗುರು ಗೆರೆಯ ಮೇಲೆ ನಿಂತಿತು, ಒಂಬತ್ತು, ಇನ್ನೊಂದು ಸಲ, ಒಂಬತ್ತು, ಸುಳ್ಳಲ್ಲದ ಅಳತೆ ಇದೊಂದೇ, ಬೆಚ್ಚಗಿನ ಕಲ್ಲು, ಉಗುರು, ಗೆರೆ, ಒಂಬತ್ತು ಇಂಚು