ತಡೆಯಲೇ, ಬಿಡಲೇ

ಒಣಗಿದ ಟವೆಲುಗಳ ಗುಡ್ಡೆಯ ಮುಂದೆ ನಿಂತು ಅತ್ತಿಗೆ ಮಡಿಸುತ್ತಿದ್ದಳು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಅಂಚು ಒಳಗೆ ಸೇರುವ ಹಾಗೆ ಇನ್ನೊಂದು ಮಡಿಕೆ. ಈಜುಕೊಳದ ಟವೆಲು ಎಷ್ಟು ಒಗೆದರೂ ಕ್ಲೋರಿನ್ ವಾಸನೆ ಬಿಡುವುದಿಲ್ಲ. ಮನೆಗೆ ಹೋಗಿ ಸೋಪು ಹಚ್ಚಿ ಉಜ್ಜಿದರೂ ಅವಳ ಕೈಯಲ್ಲಿ ಅದೇ ವಾಸನೆ. ಒಂದು ಟವೆಲು ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದಳು.

"ನಾಡಿ ಏರಿದೆ. ತಡೆಯಲೇ, ಬಿಡಲೇ?"

"ತಡಿಯಪ್ಪಾ, ತಡಿ" ಎಂದು ಫೋನಿಗೇ ಹೇಳಿ, ಹೆಬ್ಬೆರಳಲ್ಲಿ ಒತ್ತಿ, ಟವೆಲಿನ ಉಳಿದರ್ಧ ಮಡಿಸಿದಳು.

ಏರಿದ್ದು ಅವಳ ನಾಡಿಯಲ್ಲ, ನಾದಿನಿಯದು. ಗಂಡನ ತಂಗಿ. ಅದೇ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಟವೆಲು, ಬೀಗದ ಕೈ ಕೊಡುವ ಕಟ್ಟೆ ಅತ್ತಿಗೆಯದು, ನೀರು ನಾದಿನಿಯದು. ಮನೆಗೆ ಹೋದರೆ ಇಬ್ಬರಿಗೂ ಒಂದೇ ಒಲೆ. ನಾದಿನಿಗೆ ಚಿಕ್ಕಂದಿನಲ್ಲೇ ಸಿಡುಕಿ ಎಂದು ಹೆಸರಿಟ್ಟಿದ್ದರು, ಇಟ್ಟವರು ತಪ್ಪು ಮಾಡಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೋಪ ಬಂದರೆ ಕಾಲು ನಿಲ್ಲುತ್ತಿರಲಿಲ್ಲ. ಕೊಳದ ದಂಡೆಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಬೆರಳು ಫೋನಿನ ಮೇಲೆ ಟಕಟಕ. ಬಾಯಲ್ಲಿ ಅಂದ ಮಾತಾದರೆ ಗಾಳಿಗೆ ಹೋಗುತ್ತದೆ. ಬೆರಳಲ್ಲಿ ಅಂದದ್ದು ಹೋಗುವುದಿಲ್ಲ, ಎಲ್ಲರ ಮನೆಯಲ್ಲೂ ಕೂತುಬಿಡುತ್ತದೆ.

ಹಾಗೆ ಕೂತುಬಿಟ್ಟದ್ದು ಮೇಷ್ಟ್ರ ಫೋಟೊ.

ಮೇಷ್ಟ್ರು ಎಂದರೆ ಕೊಳದ ಹಳೆಯ ಈಜುಗುರುಗಳು. ಸಿಡುಕಿಗೆ ಈಜು ಕಲಿಸಿದವರೂ ಅವರೇ, ಕೆಲಸಕ್ಕೆ ಶಿಫಾರಸು ಮಾಡಿದವರೂ ಅವರೇ. ಒಂದು ಬೆಳಿಗ್ಗೆ ಮಕ್ಕಳೆದುರಿಗೆ ಅವಳನ್ನು ಗದರಿದರು: "ಮಗು ನೀರಲ್ಲಿರುವಾಗ ನಿನ್ನ ಕಣ್ಣು ಫೋನಲ್ಲಿರಬಾರದು." ಮಾತು ನ್ಯಾಯವಾಗಿತ್ತು, ಅದಕ್ಕೇ ಜಾಸ್ತಿ ಉರಿಯಿತು. ಮಧ್ಯಾಹ್ನ ನೋಡಿದರೆ ಮೇಷ್ಟ್ರು ಕಾವಲಿನ ಎತ್ತರದ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಇವಳು ಫೋಟೊ ತೆಗೆದು ಕೊಳದ ಪೇಜಿಗೆ ಹಾಕಿದಳು. ಕೆಲಸದವರು, ಮಕ್ಕಳ ಅಪ್ಪ ಅಮ್ಮಂದಿರು, ಎಲ್ಲರೂ ಇರುವ ಪೇಜು ಅದು. ಕೆಳಗೆ ಬರೆದಳು: "ನಮ್ಮ ಕೊಳದ ಕಾವಲು. ಮುಳುಗುವವರು ದಯವಿಟ್ಟು ಸದ್ದು ಮಾಡದೆ ಮುಳುಗಿ."

ಜನ ಮೊದಲು ಬಿದ್ದು ಬಿದ್ದು ನಕ್ಕರು. ಸಂಜೆಯ ಹೊತ್ತಿಗೆ ನಗು ನಿಂತು, ನಮ್ಮ ಮಕ್ಕಳ ಗತಿಯೇನು ಎಂಬ ಕೂಗೆದ್ದಿತು. ಮೇಷ್ಟ್ರು ಯಾರಿಗೂ ಒಂದು ಮಾತು ಎದುರಾಡಲಿಲ್ಲ. ಕೊರಳಿನ ಸೀಟಿ ತೆಗೆದು ಮೊಳೆಗೆ ಹಾಕಿ ಮನೆಗೆ ಹೋದರು.

ಮ್ಯಾನೇಜರು ಸಿಡುಕಿಯನ್ನು ಕರೆಸಿದರು. ಒಳಗಿನದನ್ನು ಹೊರಗೆ ಹಾಕಿದ್ದು ತಪ್ಪು, ಇನ್ನೊಂದು ಸಲ ಇಂಥದ್ದು ಕಂಡರೆ ಮನೆಗೆ ನಡಿ ಎಂದು ಹೇಳಿ, ಮೇಜಿನ ಮೇಲೆ ಒಂದು ಕಪ್ಪು ಪಟ್ಟಿ ಇಟ್ಟರು. ಈಜುಗಾರರು ನಾಡಿ ನೋಡಿಕೊಳ್ಳಲು ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಹಾಗೇ ಇತ್ತು. ಆದರೆ ಇದಕ್ಕೆ ಬೇರೆ ವಿದ್ಯೆ ಕಲಿಸಿದ್ದರು. ನಾಡಿ ಏರಿ, ಚರ್ಮ ಬೆವತಾಗ ಕೊಳದ ಪೇಜಿಗೆ ಏನನ್ನಾದರೂ ಕಳಿಸಹೊರಟರೆ ಫೋನು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತಡೆಯಲೇ, ಬಿಡಲೇ ಎಂದು ಜಾಮೀನು ನಿಂತವರ ಫೋನಿನಲ್ಲಿ ಕೇಳುತ್ತದೆ. ಅವರು ಬಿಡು ಎಂದರೆ ಹೋಯಿತು, ತಡೆ ಎಂದರೆ ಅರ್ಧ ಗಂಟೆ ಬೀಗ. ಜಾಮೀನಿನವರಿಗೆ ಬರೆದದ್ದು ಕಾಣುವುದಿಲ್ಲ, ನಾಡಿಯ ಅಂಕಿ ಮಾತ್ರ ಕಾಣುತ್ತದೆ.

"ಕಳ್ಳರಿಗೂ ಇಷ್ಟು ಕಾವಲಿಲ್ಲ" ಎಂದು ಮನೆಗೆ ಬಂದು ಗೊಣಗಿದಳು ಸಿಡುಕಿ. "ಅತ್ತಿಗೆ, ಜಾಮೀನು ನೀವೇ ನಿಲ್ಲಬೇಕು. ಅಣ್ಣನಿಗೆ ಕೊಟ್ಟರೆ ಎಲ್ಲಾನೂ ಬಿಡು ಅಂತಾನೆ, ತಮಾಷೆ ನೋಡೋಕೆ."

"ನಿಲ್ತೀನಿ ಬಿಡು."

"ಒಂದು ಷರತ್ತು. ತಡೆದದ್ದು ಏನು ಅಂತ ಕೇಳಬಾರದು. ನನಗೂ ಸ್ವಲ್ಪ ಮಾನ ಮರ್ಯಾದೆ ಇದೆ."

"ಅದಿರೋದು ನಂಗೆ ಗೊತ್ತೇ ಇರಲಿಲ್ಲ ನೋಡು" ಎಂದಳು ಅತ್ತಿಗೆ. ಆದರೆ ಕೇಳುವುದಿಲ್ಲ ಎಂದು ಮಾತು ಕೊಟ್ಟಳು, ಕೊಟ್ಟ ಮಾತಿಗೆ ತಪ್ಪಲಿಲ್ಲ.

ಮೊದಮೊದಲು ಫೋನಿಗೆ ಬಿಡುವಿರಲಿಲ್ಲ. ಅತ್ತಿಗೆ ತರಕಾರಿ ಹೆಚ್ಚುವಾಗ ತಡೆ, ಬಸ್ಸಿನಲ್ಲಿ ನಿಂತಿದ್ದಾಗ ತಡೆ, ಹಲ್ಲುಜ್ಜುವಾಗ ತಡೆ. ಆಮೇಲೆ ಒಂದು ವಾರ ಎಲ್ಲ ತಣ್ಣಗಾಯಿತು. ಪಟ್ಟಿ ಕೆಟ್ಟಿತೇನೋ ಎಂದು ಅತ್ತಿಗೆ ಅನುಮಾನಪಟ್ಟಳು. ಒಂದು ಸಂಜೆ ಸಿಡುಕಿ ತಾನಾಗೇ ಬಾಯಿಬಿಟ್ಟಳು.

"ಅತ್ತಿಗೆ, ನಾನು ಅದಕ್ಕೆ ಟೋಪಿ ಹಾಕೋದು ಕಲಿತೆ."

"ಹೇಗೇ?"

"ಆಳಕ್ಕೆ ಧುಮುಕೋ ಮುಂಚೆ ನಾವು ಉಸಿರು ಇಳಿಸ್ತೀವಲ್ಲ, ಹಾಗೆ. ಒಳಕ್ಕೆ ಮೆಲ್ಲಗೆ, ಹೊರಕ್ಕೆ ಅದಕ್ಕಿಂತ ಮೆಲ್ಲಗೆ. ನಾಡಿ ಸರ್ರಂತ ಇಳಿಯುತ್ತೆ. ಪಟ್ಟಿ ಪಾಪ, ಇವಳು ಸಾಧು ಅಂದ್ಕೊಂಡು ದಾರಿ ಬಿಡುತ್ತೆ."

"ಹಾಗಾದ್ರೆ ಏನೇನು ಹಾಕಿದ್ದೀಯೋ ದೇವರೇ ಬಲ್ಲ!"

ಸಿಡುಕಿ ತಲೆ ಕೆರೆದುಕೊಂಡಳು. "ಅದೇ ತಮಾಷೆ. ನೀರು ತಣ್ಣಗಿದೆ ಅಂತ ಒಬ್ಬಮ್ಮ ದೂರು ಬರೆದಿದ್ದಳು. 'ಮುಂದಿನ ಸಲ ಕೊಳಾನ ಒಲೆ ಮೇಲೆ ಇಟ್ಟಿರ್ತೀವಿ' ಅಂತ ಬರೆದು, ಉಸಿರು ಇಳಿಸಿದೆ. ನಾಡಿ ಇಳೀತು. ಕಳಿಸೋಣ ಅಂತ ನೋಡಿದ್ರೆ, ಕಳಿಸೋ ಆಸೇನೂ ಅದರ ಜೊತೆಗೇ ಇಳಿದುಹೋಗಿತ್ತು. ಹೀಟರು ರಿಪೇರಿಲಿದೆ, ಶುಕ್ರವಾರಕ್ಕೆ ಸರಿಹೋಗುತ್ತೆ ಅಂತ ಬರೆದೆ. ಆಯಮ್ಮ ಥ್ಯಾಂಕ್ಸ್ ಅಂದ್ಲು. ಪ್ರತಿ ಸಲಾನೂ ಹೀಗೇ ಆಗ್ತಿದೆ. ಟೋಪಿ ಹಾಕೋಕೆ ಹೋಗಿ ನಾನೇ ಹಾಕಿಸ್ಕೋತಿದ್ದೀನಿ."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳನ್ನು ನೋಡಿ ಬೆರಗಾದಳು. ದೊಡ್ಡವರ ಬುದ್ಧಿಮಾತಿಗೆ ಬಗ್ಗದ ಹುಡುಗಿ, ಅಮ್ಮನ ಕಣ್ಣೀರಿಗೂ ಬಗ್ಗದವಳು, ಅಂಗೈಯಗಲವೂ ಇಲ್ಲದ ಒಂದು ಪಟ್ಟಿಯ ಜೊತೆ ಹಠಕ್ಕೆ ಬಿದ್ದು ತನ್ನನ್ನು ತಾನೇ ಪಳಗಿಸಿಕೊಂಡಿದ್ದಳು. ಅದೇನು ಸಣ್ಣ ಕೆಲಸವೇ? ಕೋಪ ಇಲ್ಲದವರು ಸುಮ್ಮನಿರುವುದರಲ್ಲಿ ಏನು ಹೆಚ್ಚುಗಾರಿಕೆ? ಇಷ್ಟು ಕೋಪ ಇಟ್ಟುಕೊಂಡು ಸುಮ್ಮನಿರಲು ಎದೆ ಬೇಕು.

ಆದರೆ ಸಿಡುಕಿ ನಗುತ್ತಿರಲಿಲ್ಲ.

"ಆ ಉಸಿರು ಕಲಿಸಿದ್ದು ಮೇಷ್ಟ್ರು, ಅತ್ತಿಗೆ. ಉಸಿರು ಇಳಿಸುವಾಗೆಲ್ಲ ಅವರ ದನಿ ಕೇಳುತ್ತೆ. 'ಅವಸರ ಇಲ್ಲ, ನೀರು ಎಲ್ಲೂ ಓಡಿಹೋಗಲ್ಲ' ಅಂತ." ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸುತ್ತ ಮೆಲ್ಲಗೆ ಹೇಳಿದಳು: "ಅವತ್ತು ಕೊಳ ಮುಚ್ಚಿತ್ತು."

"ಏನಂದೆ?"

"ಫೋಟೊ ತೆಗೆದ ಹೊತ್ತಿಗೆ ತೊಳೆಯೋಕೆ ಅಂತ ಕೊಳ ಮುಚ್ಚಿದ್ರು. ನೀರಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬೆಳಗಿನಿಂದ ನಿಂತು ಸುಸ್ತಾಗಿ, ಊಟದ ಹೊತ್ತಲ್ಲಿ ಕಣ್ಣು ಮುಚ್ಚಿದ್ರು ಅಷ್ಟೇ. ಖಾಲಿ ನೀರು ಕಾಣದ ಹಾಗೆ ಫೋಟೊನ ನಾನೇ ಕತ್ತರಿಸಿದ್ದೆ."

ಫೋಟೊ ಯಾವ ಹೊತ್ತಿನದೆಂದು ಯಾರೂ ಕೇಳಿರಲಿಲ್ಲ. ಆವತ್ತು ಅತ್ತಿಗೆ ರಜೆಯಲ್ಲಿದ್ದಳು, ಅವಳಿಗೂ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಕಾದ ಮನುಷ್ಯ ಈಗ ಮಕ್ಕಳನ್ನು ಮುಳುಗಿಸುವವ ಎನ್ನಿಸಿಕೊಂಡು ಮನೆಯೊಳಗೆ ಕೂತಿದ್ದರು.

"ಇದನ್ನ ನೀನೇ ಹೇಳಬೇಕು ಕಣೇ. ಎಲ್ಲಿ ಅವರ ಮಾನ ತೆಗೆದೆಯೋ ಅಲ್ಲೇ, ಎಲ್ಲರೂ ಓದೋ ಹಾಗೆ."

"ಹೇಳಿದ್ರೆ ಕೆಲಸ ಹೋಗುತ್ತೆ. ಸುಳ್ಳು ಫೋಟೊ ಹಾಕಿದೆ ಅಂತಾಗುತ್ತಲ್ಲ."

"ಹೋಗಬಹುದು."

"ಬರೀತೀನಿ" ಎಂದಳು ಸಿಡುಕಿ.

ಅದಾಗಿ ಎರಡು ತಿಂಗಳು ಕಳೆದಿತ್ತು. ಪೇಜಿನಲ್ಲಿ ಪತ್ರ ಬರಲಿಲ್ಲ. ಬರೆಯಲು ಇನ್ನೂ ಧೈರ್ಯ ಬಂದಿಲ್ಲವೇನೋ ಎಂದು ಅತ್ತಿಗೆ ತಾಳಿಕೊಂಡಳು. ಫೋನು ಮಾತ್ರ ಮತ್ತೆ ಆಗೀಗ ಗುಂಯ್‌ಗುಟ್ಟುತ್ತಿತ್ತು, ಇವಳು ತಡೆ ಒತ್ತುತ್ತಿದ್ದಳು.

ಈಗ ಟವೆಲು ಮಡಿಸಿ ತಲೆಯೆತ್ತಿದರೆ, ಕಿಟಕಿಯಾಚೆ ದಂಡೆಯ ಬೆಂಚಿನಲ್ಲಿ ಸಿಡುಕಿ ಕೂತಿದ್ದಳು. ಕೂತಿದ್ದಳು! ಅತ್ತಿಗೆಯ ಕೈ ಅಲ್ಲೇ ನಿಂತಿತು. ನಾಡಿ ಅಷ್ಟು ಏರಿದೆ, ಕಾಲು ಮಾತ್ರ ಅಲ್ಲಾಡುತ್ತಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಬಾಗಿಸಿ, ಜ್ವರ ಬಂದ ಮಗುವಿನ ಹತ್ತಿರ ಕೂತ ಹಾಗೆ ಕೂತಿದ್ದಳು. ಇದು ಕೋಪದ ಕೂರುವಿಕೆ ಅಲ್ಲ.

ಅತ್ತಿಗೆ ಕಟ್ಟೆ ಬಿಟ್ಟು ಹೊರಬಂದು ಪಕ್ಕದಲ್ಲಿ ಕೂತಳು. ಕೊಟ್ಟ ಮಾತನ್ನು ಮೊದಲ ಸಲ ಮುರಿದಳು.

"ಏನು ಕಳಿಸ್ತಿದ್ದೀಯೇ?"

"ಅದೇ."

"ಯಾವುದದೇ?"

"ಮೇಷ್ಟ್ರ ಪತ್ರ."

"ಬರೆದಾಗಿದೆಯಾ? ಯಾವಾಗ?"

"ಆವತ್ತು ನಿಮಗೆ ಹೇಳಿದ ಮಾರನೇ ದಿನವೇ. ನೀವು ತಡೀತಾನೇ ಇದ್ದೀರಲ್ಲ."

ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ನೀನು ಯಾರಿಗೋ ಬೈತಿದ್ದೀಯ ಅಂತ ನಾನು ಕಣ್ಮುಚ್ಚಿ ಒತ್ತುತ್ತಿದ್ದೆ. ಒಂದು ಮಾತು ಹೇಳಬಾರದಿತ್ತೇನೇ?"

ಸಿಡುಕಿ ಫೋನನ್ನು ತೊಡೆಯ ಮೇಲೆ ಮಗುಚಿದಳು. ಅತ್ತಿಗೆ ಅವಳ ಮುಖವನ್ನೇ ನೋಡಿದಳು.

"ನಾನು ತಡೆದಾಗ ನಿನಗೆ ಒಳಗೊಳಗೇ ಹಾಯ್ ಅನ್ನಿಸ್ತಿತ್ತು, ಅಲ್ವಾ? ಅತ್ತಿಗೆ ತಡೆದಳು, ನನ್ನ ತಪ್ಪಿಲ್ಲ ಅಂತ."

"ಹೂಂ" ಎಂದಳು ಸಿಡುಕಿ. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ಯಾರೂ ನಂಬುತ್ತಿರಲಿಲ್ಲ.

"ಆ ಉಸಿರಿನ ಆಟ ಆಡಬಾರದಿತ್ತಾ?"

"ಆಡಿದೆ ಅತ್ತಿಗೆ. ಕೋಪ ಅದಕ್ಕೆ ಬಗ್ಗುತ್ತೆ. ಇದು ಬಗ್ಗಲ್ಲ. ಇಳಿಸಿದಷ್ಟೂ ಏರುತ್ತೆ. ಪಟ್ಟಿಗೆ ಎರಡೂ ಒಂದೇ."

ಅದಕ್ಕೆ ಹೇಗೆ ಗೊತ್ತಾಗಬೇಕು ಪಾಪ, ಎಂದುಕೊಂಡಳು ಅತ್ತಿಗೆ. ಬೈಯುವಾಗಲೂ ಎದೆ ಹಾಗೇ ಹೊಡೆದುಕೊಳ್ಳುತ್ತದೆ, ತಪ್ಪಾಯಿತು ಎನ್ನುವಾಗಲೂ ಹಾಗೇ. ಪಟ್ಟಿಯನ್ನು ಅವಳು ದೂರಲಿಲ್ಲ. ತನ್ನ ಪಾಲಿನದನ್ನು ಅದು ಚೊಕ್ಕವಾಗಿ ಮಾಡಿತ್ತು. ಮಿಕ್ಕದ್ದು ಜಾಮೀನಿನವರ ಕೆಲಸ, ತಾನು ಅಂಕಿ ನೋಡಿದ್ದಳೇ ಹೊರತು ಹುಡುಗಿಯನ್ನು ನೋಡಿರಲಿಲ್ಲ.

"ಬೀಗ ತೆಗೆಯೋಕೆ ಇನ್ನೂ ಹೊತ್ತಿದೆ. ಓದು, ಕೇಳ್ತೀನಿ."

ಸಿಡುಕಿ ಓದಿದಳು. ಎಲ್ಲೂ ತನ್ನ ಪರ ವಾದಿಸಿರಲಿಲ್ಲ. ಬೆಳಿಗ್ಗೆ ಮೇಷ್ಟ್ರು ಗದರಿದ್ದು ಸರಿಯಾಗಿತ್ತು ಎಂದು ಬರೆದಿದ್ದಳು. ಕೊಳ ಮುಚ್ಚಿತ್ತು, ನೀರಲ್ಲಿ ಯಾರೂ ಇರಲಿಲ್ಲ, ಅದು ಕಾಣದ ಹಾಗೆ ಫೋಟೊ ಕತ್ತರಿಸಿದ್ದು ನಾನೇ ಎಂದು ಬರೆದಿದ್ದಳು. ಜೊತೆಗೆ ಕತ್ತರಿಸದ ಫೋಟೊ ಇತ್ತು: ಕುರ್ಚಿಯಲ್ಲಿ ಮೇಷ್ಟ್ರು, ಮುಂದೆ ಅಲೆಯಿಲ್ಲದ ನೀಲಿ ನೀರು, ಅಡ್ಡ ಕಟ್ಟಿದ ಹಗ್ಗ. ಕೊನೆಗೆ ಹೀಗಿತ್ತು: "ಮೇಷ್ಟ್ರೇ, ನೀವು ಕಣ್ಣು ಮುಚ್ಚಿದ್ದು ಊಟದ ಹೊತ್ತಲ್ಲಿ. ನಾನು ಮುಚ್ಚಿದ್ದು ಕೆಲಸದ ಹೊತ್ತಲ್ಲಿ. ಹೋಗಬೇಕಾದವರು ನೀವಲ್ಲ."

ಅತ್ತಿಗೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಈ ಬೆರಳಿಂದ ಇಂಥ ಮಾತೂ ಬರುತ್ತದಲ್ಲ ಎಂದು ಹೆಮ್ಮೆಯೆನಿಸಿತು.

"ಕೆಲಸ ಹೋದ್ರೆ, ಅತ್ತಿಗೆ?"

"ಹೋದ್ರೆ ಟವೆಲು ಮಡಿಸೋಕೆ ಬಾ. ನೀನು ಮಡಿಸಿದ್ದನ್ನ ನಾನು ಮತ್ತೆ ಮಡಿಸಬೇಕಾಗುತ್ತೆ, ಅದೊಂದೇ ಕಷ್ಟ."

ಸಿಡುಕಿ ಮೂಗೆಳೆದುಕೊಂಡು ನಕ್ಕಳು. ಅರ್ಧ ಗಂಟೆ ಮುಗಿದು ಬೀಗ ತೆರೆಯಿತು. ಈ ಸಲ ಅವಳು ಉಸಿರು ಇಳಿಸಲು ಹೋಗಲಿಲ್ಲ. ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೋ ಹಾಗೇ ಬಿಟ್ಟು ಕಳಿಸು ಒತ್ತಿದಳು.

ಅತ್ತಿಗೆಯ ಕೈಯಲ್ಲಿ ಫೋನು ಗುಂಯ್‌ಗುಟ್ಟಿತು. ಇಷ್ಟು ದೊಡ್ಡ ಅಂಕಿಯನ್ನು ಅವಳು ಈವರೆಗೆ ನೋಡಿರಲಿಲ್ಲ. ಹೆಬ್ಬೆರಳು ಅಭ್ಯಾಸಬಲದಿಂದ ಎಡಕ್ಕೆ, ತಡೆಯ ಮೇಲಕ್ಕೇ ಹೋಯಿತು. ಅದನ್ನು ಎತ್ತಿ, ಬಲಕ್ಕೆ ತಂದು, ಗಟ್ಟಿಯಾಗಿ ಒತ್ತಿದಳು.

ಪತ್ರ ಹೋಯಿತು.