ನಾನು ರಿಪೇರಿ ಮಾಡಿದ ಕೋಟೆ

ಗುಡ್ಡದ ಮೇಲೆ ಕೋಟೆ ಇತ್ತು ಅಂದರೆ ಈಗ ನನ್ನ ಮಕ್ಕಳೇ ನಗುತ್ತವೆ. ಇತ್ತು ಕಣ್ರೀ! ಏಳುನೂರು ವರ್ಷದ ಹಿಂದಿನದು, ನಾಲ್ಕು ಬುರುಜು, ಒಂದು ಬಾವಿ. ದಾಳಿಗೆ ಬಂದವರು ಸುಟ್ಟರು. ಉಳಿದ ಕಲ್ಲನ್ನು ಊರವರು ಹೊತ್ತು ತಂದು ಮನೆ, ಕೊಟ್ಟಿಗೆ ಕಟ್ಟಿಕೊಂಡರು. ಕಟ್ಟಿಕೊಟ್ಟವರು ನಮ್ಮ ವಂಶದವರೇ. ತಲೆತಲಾಂತರದಿಂದ ನಮ್ಮದು ಗಾರೆ ಕೆಲಸ.

ನಮ್ಮಣ್ಣ ಮಾತ್ರ ಕರಣೆ ಹಿಡಿಯಲಿಲ್ಲ, ಮೇಷ್ಟ್ರಾದ. ಮೂವತ್ತು ವರ್ಷ ಆ ಗುಡ್ಡ ಹತ್ತಿ ಇಳಿದು ಕೋಟೆಯ ಚರಿತ್ರೆ ಬರೆದ. "ಆ ಕೋಟೇನೇ ಮದುವೆಯಾಗಬೇಕಿತ್ತು ನೀವು" ಅಂತ ಅತ್ತಿಗೆ ರೇಗಿಸುತ್ತಿದ್ದರು.

ಗುಡ್ಡವನ್ನು ಜಲ್ಲಿ ಕಂಪನಿಗೆ ಕೊಡುತ್ತಾರೆ ಅಂತ ಗೊತ್ತಾದಾಗ ಅಣ್ಣ ಕಂಡಕಂಡ ಕಚೇರಿಗೆಲ್ಲ ಅಲೆದ. ಕೊನೆಗೆ ಪುರಾತತ್ವದ ಅಧಿಕಾರಿಯೊಬ್ಬರು, ಹಳೇ ಗೋಡೆ ಇದ್ದ ಜಾಗದಲ್ಲೇ ಒಂದು ತುಂಡು ಉಳಿದಿದ್ದರೂ ಗುಡ್ಡ ಉಳಿಸಿಕೊಡ್ತೀನಿ ಅಂದರು. ಉಳಿದಿತ್ತು. ಪೊದೆಯೊಳಗೆ, ಮೊಣಕಾಲೆತ್ತರ, ಮೂರು ಮಾರು ಉದ್ದ.

"ನಾಳೆ ಸಾಹೇಬ್ರು ಬರ್ತಾರೆ. ಪೊದೆ ಸವರಿಬಿಡೋ, ಅಷ್ಟು ಸಾಕು" ಅಂದ ಅಣ್ಣ.

ಅಷ್ಟೇ ಸಾಕಿತ್ತು. ನನ್ನ ಹಾಳು ಕೈ ಸುಮ್ಮನಿರಬೇಕಲ್ಲ! ಪೊದೆ ತೆಗೆದರೆ ಗೋಡೆ ಹಲ್ಲುದುರಿದ ಮುದುಕನ ಬಾಯಿ ಹಾಗಿತ್ತು. ದೊಡ್ಡ ಮನುಷ್ಯರ ಮುಂದೆ ಅಣ್ಣನ ಮರ್ಯಾದೆ ಹೋಗಬಾರದು ಅಂತ ಸಂದಿಯಲ್ಲಿದ್ದ ಹಳೇ ಸುಣ್ಣದ ಗಾರೆ ಪೂರ್ತಿ ಕೆರೆದು ತೆಗೆದೆ. ಅಲುಗಾಡುವ ಕಲ್ಲು ಕಿತ್ತು, ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ, ಸಿಮೆಂಟಲ್ಲಿ ಕೂರಿಸಿದೆ. ಅಂಥ ಚೊಕ್ಕ ಕೆಲಸ ಈ ಜನ್ಮದಲ್ಲಿ ಮಾಡಿರಲಿಲ್ಲ.

ಸಾಹೇಬರು ಬಂದು ಬೆರಳಲ್ಲಿ ಉಜ್ಜಿದರು. "ಮೇಷ್ಟ್ರೇ, ಇದಿನ್ನೂ ಹಸಿ ಇದೆಯಲ್ರೀ."

ಅಣ್ಣ ನನ್ನ ಕಡೆ ತಿರುಗಿದ. ಶಭಾಸ್ ಅಂತಾನೆ ಅಂತ ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

"ಸಾರ್, ಕಲ್ಲು ಹಳೇದೇ..." ಅಂದ.

"ಹಳೇ ಕಲ್ಲು ಊರು ತುಂಬ ಇದೆ. ನನಗೆ ಬೇಕಾಗಿದ್ದು ಆ ಗಾರೆ, ಆ ಕಲ್ಲು ಕೂತಿದ್ದ ರೀತಿ. ಎಲ್ಲಿ ಅದು?"

ಗಾರೆಯನ್ನೆಲ್ಲ ಬುಟ್ಟಿಗೆ ತುಂಬಿ ಇಳಿಜಾರಿಗೆ ಸುರಿದಿದ್ದೆ. ಅವರ ಕಾಲು ಹಿಡಿದು ಅತ್ತೆ. ಕೆಟ್ಟವರೇನಲ್ಲ, ಪಾಪ, ಆದರೂ 'ಏನೂ ಉಳಿದಿಲ್ಲ' ಅಂತಲೇ ಬರೆದುಕೊಂಡು ಹೋದರು.

ಈಗ ಎರಡು ವರ್ಷ. ಗುಡ್ಡ ಅರ್ಧಕ್ಕಿಳಿದಿದೆ. ಅಣ್ಣ ಒಂದು ದಿನವೂ ನನ್ನನ್ನು ಬೈಯಲಿಲ್ಲ, ಅದೇ ನನ್ನನ್ನು ತಿನ್ನುತ್ತಿರುವುದು. ಮೊನ್ನೆ ತಡೆಯಲಾರದೆ ಅವನ ಮನೆಗೆ ಹೋಗಿ ಕೇಳಿಯೇಬಿಟ್ಟೆ: "ಬೈಯಣ್ಣಾ, ಒಂದೇ ಸಲ ಬಾಯ್ತುಂಬ ಬೈದುಬಿಡು."

ಗುಡ್ಡದ ಮೇಲೆ ಸಿಡಿಮದ್ದು ಸಿಡಿದು ಕಿಟಕಿ ಗಾಜು ಅದುರಿತು. ಅದು ನಿಲ್ಲುವವರೆಗೂ ಅಣ್ಣ ಕಾದ.

"ನಿನ್ನ ಗೋಡೆ ಒಡೆಯೋಕೆ ಅವರಿಗೆ ಅರ್ಧ ದಿನ ಹಿಡೀತಂತೆ" ಅಂದ. "ಗಟ್ಟಿಯಾಗಿ ಕಟ್ಟಿದ್ದೆ ಕಣೋ."